ತಗಡಿನ ಚಾವಣಿಗೆ ತುಕ್ಕು: ಪೇಂಟ್ ಡಬ್ಬಿ ತೆರೆಯುವ ಮುಂಚೆ

ಗೋದಾಮು, ಮಳಿಗೆ, ಕಾರ್ಖಾನೆ ಶೆಡ್ಡು, ಯಾವುದೇ ಇರಲಿ, ಚಾವಣಿಯ ಮೇಲೆ ಕೆಂಪು ಕಲೆ ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಯಾವ ಪೇಂಟ್ ಹೊಡೆಸೋಣ?" ನಾನು ತಿರುಗಿ ಕೇಳುವುದು, "ಕಲೆ ಎಲ್ಲಿದೆ?" ಎಂದು. ಸ್ಕ್ರೂ ಸುತ್ತಲೋ, ಶೀಟಿನ ಅಂಚಿನಲ್ಲೋ, ಎರಡು ಶೀಟು ಸೇರುವ ಕಡೆಯೋ, ಅಡಿಮೈಯಲ್ಲೋ, ಪೈಪಿನಿಂದ ನೀರು ತೊಟ್ಟಿಕ್ಕುವ ಗೆರೆಯಲ್ಲೋ? ತುಕ್ಕು ಹಿಡಿದ ಜಾಗವೇ ಅದರ ಕಾರಣವನ್ನು ಮುಕ್ಕಾಲು ಪಾಲು ಹೇಳಿಬಿಡುತ್ತದೆ. ಆ ಕಾರಣ ಹಿಡಿಯದೆ ಬಳಿದ ಪೇಂಟ್ ತಿಪ್ಪೆ ಸಾರಿಸಿದಂತೆ. ಒಂದೆರಡು ಮಳೆಗಾಲ ಚೆನ್ನಾಗಿ ಕಾಣುತ್ತದೆ, ಆಮೇಲೆ ಪದರ ಪದರವಾಗಿ ಏಳುತ್ತದೆ, ಅಷ್ಟರಲ್ಲಿ ಅಡಿಯಲ್ಲಿದ್ದ ತಗಡು ಅರ್ಧ ಹೋಗಿರುತ್ತದೆ.

ಈ ಕೈಪಿಡಿ ಹೆಚ್ಚಾಗಿ ಸತು ಲೇಪಿಸಿದ ಉಕ್ಕಿನ ಶೀಟು (ಜಿಐ ಶೀಟು), ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರ ಲೇಪನದ ಶೀಟು ಮತ್ತು ಇವುಗಳ ಮೇಲೆ ಕಾರ್ಖಾನೆಯಲ್ಲೇ ಬಣ್ಣ ಹಾಕಿ ಬರುವ ಕಲರ್ ಕೋಟೆಡ್ ಶೀಟುಗಳಿಗೆ ಸಂಬಂಧಿಸಿದ್ದು.

ಹತ್ತುವ ಮುಂಚೆ

ತುಕ್ಕು ಹಿಡಿದ ಶೀಟು ಮೇಲಿನಿಂದ ಗಟ್ಟಿಯಾಗಿ ಕಂಡರೂ ಕಾಲಿಟ್ಟಾಗ ಕುಸಿಯಬಹುದು. ಆದ್ದರಿಂದ ಮೊದಲು ಕಟ್ಟಡದ ಒಳಗೆ ನಿಂತು, ದೀಪಗಳನ್ನೆಲ್ಲ ಆರಿಸಿ, ತಲೆಯೆತ್ತಿ ನೋಡಿ. ಬೆಳಕಿನ ಚುಕ್ಕಿ ಕಂಡ ಕಡೆಯೆಲ್ಲ ತೂತಿದೆ. ಆ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡ ಮೇಲೆಯೇ ಏಣಿ ಹಾಕಿ. ಬೆಳಕಿಗಾಗಿ ನಡುನಡುವೆ ಕೂರಿಸಿರುವ ಫೈಬರ್ ಶೀಟುಗಳ ಮೇಲೆ ಯಾವ ಕಾರಣಕ್ಕೂ ಕಾಲಿಡಬೇಡಿ. ಧೂಳು ಕೂತು ಹಳತಾದ ಮೇಲೆ ಅವು ಪಕ್ಕದ ತಗಡಿನಂತೆಯೇ ಕಾಣುತ್ತವೆ, ಭಾರ ಮಾತ್ರ ತಡೆಯವು. ಪರ್ಲಿನ್ (ಶೀಟನ್ನು ಹೊತ್ತಿರುವ ಅಡ್ಡ ತೊಲೆ) ಇರುವ ಸಾಲಿನ ಮೇಲೆ ಹಲಗೆ ಹಾಸಿ ನಡೆಯಿರಿ. ಹಾರ್ನೆಸ್ಸಿನ ಹಗ್ಗವನ್ನು ಟ್ರಸ್ಸಿಗೋ (ಚಾವಣಿ ಹೊತ್ತ ಮುಖ್ಯ ಚೌಕಟ್ಟು) ಗಟ್ಟಿ ಆಂಕರಿಗೋ ಕಟ್ಟಬೇಕು, ತುಕ್ಕು ಹಿಡಿದ ಪರ್ಲಿನ್ನಿಗಲ್ಲ. ಒದ್ದೆ ಶೀಟಿನ ಮೇಲೆ, ಜೋರು ಗಾಳಿಯಲ್ಲಿ, ಒಬ್ಬರೇ ಇರುವಾಗ ಹತ್ತುವ ಯೋಚನೆಯೇ ಬೇಡ. ಹಳೆಯ ಕಟ್ಟಡಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಅಂಥದ್ದನ್ನು ಉಜ್ಜುವ ಮುಂಚೆ ಪರೀಕ್ಷೆ ಮಾಡಿಸಿ, ಸರಿಯಾದ ಮಾಸ್ಕ್ ಇಲ್ಲದೆ ಕೈ ಹಾಕಬೇಡಿ.

ತುಕ್ಕೋ, ಬರೀ ಕಲೆಯೋ?

ಕೆಂಪಾಗಿ ಕಂಡದ್ದೆಲ್ಲ ಚಾವಣಿಯ ತುಕ್ಕಲ್ಲ. ಹೊಸ ಚಾವಣಿ ಹಾಕಿ ವಾರ ಕಳೆಯುವುದರೊಳಗೆ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು ಮೂಡಿದರೆ ಅದು ಬಹುಪಾಲು ಡ್ರಿಲ್ಲಿನಿಂದ ಉದುರಿದ ಹುಡಿ, ಇಲ್ಲವೇ ಗ್ರೈಂಡರಿನ ಕಿಡಿ. ಶೀಟಿನ ಮೇಲೆ ಕೂತ ಬರಿಯ ಉಕ್ಕಿನ ಚೂರು ಮೊದಲ ಇಬ್ಬನಿಗೇ ತುಕ್ಕಾಗುತ್ತದೆ, ಅಡಿಯ ಲೇಪನ ಇನ್ನೂ ಚೆನ್ನಾಗಿಯೇ ಇರುತ್ತದೆ. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಶೀಟಿಗೆ ತಾಗದಷ್ಟು ಮೇಲೆ ಆಡಿಸಿ ನೋಡಿ. ಚೂರುಗಳು ಹತ್ತಿಕೊಂಡು ಬಂದರೆ ಅನುಮಾನ ನಿಜವಾಯಿತು. ಹಾಗೆಂದು ನಿರ್ಲಕ್ಷಿಸುವಂತಿಲ್ಲ. ಬಿಸಿ ಕಿಡಿ ಬಣ್ಣದೊಳಗೆ ಹೂತುಕೊಂಡಿದ್ದರೆ ಅಲ್ಲಿಂದಲೇ ನಿಜವಾದ ತುಕ್ಕು ಶುರುವಾಗುತ್ತದೆ. ಮೃದು ಬ್ರಷ್ಷಿನಿಂದ ಗುಡಿಸಿ, ಸೌಮ್ಯ ಸಾಬೂನಿನ ನೀರಿನಲ್ಲಿ ತೊಳೆದು, ಹೂತ ಚುಕ್ಕಿಗಳಿಗೆ ಸಣ್ಣ ಕುಂಚದಿಂದ ಟಚಪ್ ಕೊಟ್ಟರೆ ಸಾಕು. ಕಲೆ ತೆಗೆಯಲೆಂದು ಶೌಚಾಲಯ ತೊಳೆಯುವ ಆಸಿಡ್ ಸುರಿದವರನ್ನು ನೋಡಿದ್ದೇನೆ. ಕಲೆ ಹೋಗುತ್ತದೆ, ಅದರ ಜೊತೆಗೆ ಸತುವೂ ಕರಗಿ ಹೋಗುತ್ತದೆ.

ಬಿಳಿ ಹುಡಿ ಕಂಡರೆ ಅದು ಸತುವಿನದೇ ತುಕ್ಕು. ಶೀಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಾಗ ನಡುವೆ ನೀರು ಸೇರಿ, ಗಾಳಿಯಾಡದೆ ಉಳಿದರೆ ಹೀಗಾಗುತ್ತದೆ. ತೆಳುವಾಗಿದ್ದರೆ ನೈಲಾನ್ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಣಗಿಸಿ. ವೈರ್ ಬ್ರಷ್ ಬೇಡ, ಉಳಿದ ಸತುವನ್ನೂ ಅದು ಕೆರೆದು ಹಾಕುತ್ತದೆ. ಇದಕ್ಕೆ ಇದಕ್ಕಿಂತ ಹೆಚ್ಚಿನ ಉಪಚಾರ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮುಂದಿನ ಸಲ ಶೀಟು ಬಂದಾಗ ಒಂದು ತುದಿ ಎತ್ತರಿಸಿ, ನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವಂತೆ ಜೋಡಿಸಿಡಿ.

ನಿಜವಾದ ಕೆಂಪು ತುಕ್ಕು ಬಂದಿದೆ ಎಂದರೆ ಆ ಜಾಗದಲ್ಲಿ ಸತುವಿನ ಲೇಪನ ಮುಗಿದಿದೆ ಎಂದೇ ಅರ್ಥ. ಸತು ತಾನು ಸವೆದು ಉಕ್ಕನ್ನು ಉಳಿಸುವ ಲೋಹ. ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ಆ ಬರಿ ಉಕ್ಕನ್ನು ಕಾಯುತ್ತಿರುತ್ತದೆ. ಅಲೆಯಲೆಯ ತಗಡಿಗೆ ಪೇಟೆಂಟ್ ಬಂದದ್ದು 1829ರಲ್ಲಿ, ಕಬ್ಬಿಣಕ್ಕೆ ಸತು ಲೇಪಿಸುವ ವಿಧಾನಕ್ಕೆ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಪೇಟೆಂಟ್ ಪಡೆದದ್ದು 1837ರಲ್ಲಿ. ನಡುವಿನ ವರ್ಷಗಳಲ್ಲಿ ತಗಡಿನ ಚಾವಣಿಯನ್ನು ಡಾಂಬರು, ಬಣ್ಣಗಳೇ ಕಾಯಬೇಕಿತ್ತು. ಇಂದು ಸತು ಹೋದ ಚಾವಣಿಗೆ ಬರೀ ಬಣ್ಣ ಬಳಿಯುವವರು ಆ ಕಾಲಕ್ಕೇ ಹಿಂತಿರುಗಿದಂತೆ.

ಸತು ಇನ್ನೂ ಉಳಿದಿದೆಯೇ ಎಂದು ಅನುಮಾನವಿದ್ದರೆ, ಬರೀ ಸತು ಲೇಪನದ ಶೀಟಾದರೆ, ಒಂದು ಹಳೆಯ ಪರೀಕ್ಷೆಯಿದೆ. ಕತ್ತರಿಸಿ ತೆಗೆದ ಚೂರಿನ ಮೇಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣದ ಹನಿ ಹಾಕಿ. ಸತು ಇದ್ದರೆ ಕಪ್ಪಗೆ ಹುಡಿಯಾಗುತ್ತದೆ, ಬರಿ ಉಕ್ಕಾದರೆ ಹೊಳೆಯುವ ತಾಮ್ರದ ಬಣ್ಣ ಕೂರುತ್ತದೆ. ಈ ಪರೀಕ್ಷೆಯನ್ನು ಚಾವಣಿಯ ಮೇಲೆಯೇ ಮಾಡಬೇಡಿ, ಯಾಕೆಂದು ಮುಂದೆ ತಿಳಿಯುತ್ತದೆ.

ಜಾಗ ನೋಡಿ ಕಾರಣ ಹಿಡಿಯುವುದು

ಸ್ಕ್ರೂ ಸುತ್ತ ಕೆಂಪು ಉಂಗುರ. ಅತಿ ಹೆಚ್ಚು ಕಾಣುವ ದೋಷ ಇದೇ. ಮೊದಲು ತುಕ್ಕು ಸ್ಕ್ರೂ ತಲೆಯದೋ, ಶೀಟಿನದೋ ನೋಡಿ. ತಲೆ ಮಾತ್ರ ಕೆಂಪಾಗಿ ಶೀಟು ಶುಚಿಯಾಗಿದ್ದರೆ ಕಡಿಮೆ ಲೇಪನದ ಸ್ಕ್ರೂ ಬಳಸಿದ್ದಾರೆ, ಬದಲಿಸಿದರೆ ಮುಗಿಯಿತು. ಶೀಟೇ ಹೋಗುತ್ತಿದ್ದರೆ ವಾಷರ್ ನೋಡಿ. ಅದು ಹಿಂಡಿದಂತೆ ಹೊರಚಾಚಿದ್ದರೆ ಬಿಗಿ ಹೆಚ್ಚಾಗಿದೆ, ಬೆರಳಿನಲ್ಲಿ ತಿರುಗಿದರೆ ಸಡಿಲವಿದೆ, ಒಂದೇ ಬದಿ ಕಚ್ಚಿದ್ದರೆ ಸ್ಕ್ರೂ ಓರೆಯಾಗಿ ಹೋಗಿದೆ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ರಬ್ಬರನ್ನು ಉಗುರು ತಾಗಿಸಿದರೇ ಗೊತ್ತಾಗುತ್ತದೆ.

ಒಂದು ಸ್ಕ್ರೂ ಬಿಚ್ಚಿ ತೂತನ್ನೂ ನೋಡಲೇಬೇಕು. ತೂತು ದುಂಡಗಿರದೆ ಶೀಟಿನ ಉದ್ದಕ್ಕೆ ಹಿಗ್ಗಿ ಸೀಳಿನಂತಾಗಿದ್ದರೆ ಕಾರಣ ಶೀಟಿನ ಎಳೆದಾಟ. ಉಕ್ಕು ಪ್ರತಿ ಡಿಗ್ರಿಗೆ ಪ್ರತಿ ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ 30 ಮೀಟರ್ ಉದ್ದದ ಒಂದೇ ಶೀಟು ಮುಂಜಾವಿನ ತಂಪಿನಿಂದ ನಡುಹಗಲಿನ ಕಾವಿಗೆ 50 ಡಿಗ್ರಿ ಏರಿದರೆ 18 ಮಿ.ಮೀ. ಬೆಳೆಯುತ್ತದೆ, ಸಂಜೆ ಅಷ್ಟೇ ಕುಗ್ಗುತ್ತದೆ. ದಿನವೂ ನಡೆಯುವ ಈ ಎಳೆದಾಟಕ್ಕೆ ಯಾವ ವಾಷರೂ ತಡೆಯದು. ಇಂಥಲ್ಲಿ 5.5 ಮಿ.ಮೀ. ಸ್ಕ್ರೂ ತೆಗೆದು 6.3 ಮಿ.ಮೀ. ದಪ್ಪದ್ದು ಹಾಕುವುದು ತಾತ್ಕಾಲಿಕ ಪರಿಹಾರ ಮಾತ್ರ. ಶೀಟಿನ ಉದ್ದಕ್ಕೆ ಜಾರಲು ಅವಕಾಶವಿರುವ ಕ್ಲಿಪ್ ವ್ಯವಸ್ಥೆ ಬೇಕೇ, ನಡುವೆ ಹಿಗ್ಗುವಿಕೆಯ ಜೋಡಣೆ ಬೇಕೇ ಎಂದು ವಿನ್ಯಾಸಕರನ್ನು ಕೇಳಬೇಕು.

ಕತ್ತರಿಸಿದ ಅಂಚು. ಕಲರ್ ಕೋಟೆಡ್ ಶೀಟಿನ ಸೂರಿನ ತುದಿಯಲ್ಲಿ ಬಣ್ಣ ಸುರುಳಿ ಸುತ್ತಿಕೊಂಡು ಏಳುತ್ತಾ ಬಂದರೆ, ಅಡಿಯಲ್ಲಿ ಬಿಳಿ ಹುಡಿ, ಅದರಾಚೆ ಕೆಂಪು, ಇದು ಅಂಚಿನ ತುಕ್ಕು. ಅಂಚಿನಲ್ಲಿ ಉಕ್ಕು ಬರಿಮೈಯಾಗಿರುತ್ತದೆ, ಪಕ್ಕದ ಸತು ಅದನ್ನು ಕಾಯುತ್ತಾ ತಾನು ಸವೆದು ಹಿಂದೆ ಸರಿಯುತ್ತದೆ, ಆಸರೆ ತಪ್ಪಿದ ಬಣ್ಣ ಏಳುತ್ತದೆ. ಇದು ನಿಧಾನದ ಕ್ರಿಯೆ. ಆದರೆ ಗ್ರೈಂಡರಿನ ಡಿಸ್ಕ್ ಹಾಕಿ ಕತ್ತರಿಸಿದ್ದರೆ ಅಂಚಿನ ಲೇಪನ ಸುಟ್ಟುಹೋಗಿ ಈ ನಿಧಾನವೂ ಇರುವುದಿಲ್ಲ. ಶೀಟನ್ನು ಕತ್ತರಿಯಿಂದಲೋ ನಿಬ್ಲರಿನಿಂದಲೋ (ತಗಡನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ ಯಂತ್ರ) ಮಾತ್ರ ಕತ್ತರಿಸಬೇಕು. ಕೆಲಸ ಒಪ್ಪಿಸುವಾಗಲೇ ಗುತ್ತಿಗೆ ಪತ್ರದಲ್ಲಿ ಈ ಮಾತನ್ನು ಬರೆಸಿ. ಅಂಚಿನ ತುಕ್ಕು ಬೆರಳಗಲ ಇರುವಾಗಲೇ ಏಳುವ ಬಣ್ಣ ಕೆರೆದು, ಶುಚಿ ಮಾಡಿ, ಅಂಚಿಗೆ ಮೀಸಲಾದ ಸೀಲರ್ ಬಳಿದರೆ ಶೀಟು ಉಳಿಯುತ್ತದೆ.

ಶೀಟಿಗೆ ಶೀಟು ಸೇರುವಲ್ಲಿ. ಎರಡು ತಗಡಿನ ನಡುವಿನ ಕೂದಲೆಳೆಯ ಸಂದಿನಲ್ಲಿ ನೀರು ಮೇಲಕ್ಕೂ ಏರುತ್ತದೆ. ಮಳೆ ನಿಂತ ಮೇಲೂ ಸುತ್ತಲೂ ಒಣಗಿ, ಅಲ್ಲಿ ಮಾತ್ರ ದಿನಗಟ್ಟಲೆ ತೇವ ಉಳಿಯುತ್ತದೆ. ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ಒಳಗಿಂದಲೇ ಉಬ್ಬಿ ಜೋಡಣೆಯನ್ನು ಇನ್ನಷ್ಟು ಬಾಯಿ ಬಿಡಿಸುತ್ತದೆ. ಹೊರಗೆ ಒಂದು ಸಣ್ಣ ಕಂದು ಗೆರೆ ಮಾತ್ರ ಕಾಣುತ್ತದೆ, ಮೇಲೆ ಥಳಕು, ಒಳಗೆ ಹುಳುಕು. ಅಂಥ ಗೆರೆ ಕಂಡ ಕಡೆ ಎರಡು ಸ್ಕ್ರೂ ಬಿಚ್ಚಿ ಮೇಲಿನ ಶೀಟನ್ನು ಎತ್ತಿ ನೋಡದೆ ಏನೂ ನಿರ್ಧರಿಸಬೇಡಿ. ಹೊರಗಿನಿಂದ ಸಿಲಿಕೋನ್ ತುಂಬಿಸುವುದು ಇಲ್ಲಿ ಅಪಾಯ. ಒಳಗಿನ ನೀರಿಗೆ ಹೊರಬರುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. ಬಿಚ್ಚಿ, ಶುಚಿ ಮಾಡಿ, ಒಣಗಿಸಿ, ಸಂದಿಯೊಳಗೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ) ಹಾಸಿ ಮತ್ತೆ ಬಿಗಿಯಬೇಕು.

ಅಡಿಮೈ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪು ರೋಗನಿರ್ಣಯ ಆಗುವಷ್ಟು ಬೇರೆಲ್ಲೂ ಆಗುವುದಿಲ್ಲ. ಒಂದು ಗೋದಾಮಿನಲ್ಲಿ ಚಾವಣಿ ಸೋರುತ್ತಿದೆ ಎಂದು ಎರಡು ವರ್ಷ ಮೇಲಿನಿಂದ ಸೀಲಂಟ್ ಮೆತ್ತಿದ್ದರು. ಸ್ಕ್ರೂ ಬದಲಿಸಿದ್ದರು, ಡಾಂಬರು ಹಾಳೆ ಅಂಟಿಸಿದ್ದರು. ಸೋರಿಕೆ ನಿಲ್ಲಲಿಲ್ಲ. ನಾನು ಹೋದದ್ದು ಮಳೆಯೇ ಇಲ್ಲದ ದಿನಗಳಲ್ಲಿ. ಕಾವಲಿನವರು ಹೇಳಿದ ಒಂದು ಮಾತು ಕಿವಿಯಲ್ಲಿ ಉಳಿಯಿತು: "ಸಾರ್, ಬೆಳಗಿನ ಜಾವ ಜಾಸ್ತಿ ತೊಟ್ಟಿಕ್ಕತ್ತೆ." ಮರುದಿನ ಬೆಳಕು ಹರಿಯುವ ಮುಂಚೆ ಏಣಿ ಹತ್ತಿ ಟಾರ್ಚ್ ಹಾಕಿದೆ. ಶೀಟಿನ ಅಡಿಮೈ ತುಂಬ ಹನಿಗಳು, ಮುತ್ತು ಪೋಣಿಸಿದಂತೆ ಸಾಲಾಗಿ. ಬೆರಳು ತಾಗಿಸಿದರೆ ಒಂದಕ್ಕೊಂದು ಸೇರಿ ಪರ್ಲಿನ್ ತನಕ ಹರಿದು ಅಲ್ಲಿ ನಿಲ್ಲುತ್ತಿದ್ದವು. ಪರ್ಲಿನ್ ಮತ್ತು ಶೀಟು ಕೂಡುವ ಆ ಗೆರೆಯುದ್ದಕ್ಕೂ ತುಕ್ಕು ಹಕ್ಕಳೆಗಟ್ಟಿತ್ತು. ನೀರು ಹೊರಗಿನಿಂದ ಬಂದದ್ದೇ ಅಲ್ಲ. ಒಳಗೆ ರಾಶಿ ಹಾಕಿದ್ದ ಒದ್ದೆ ಸರಕಿನ ತೇವ ರಾತ್ರಿ ತಣ್ಣಗಾದ ತಗಡಿಗೆ ತಾಗಿ ಹನಿಗಟ್ಟುತ್ತಿತ್ತು. ಮೇಲೆ ಮೆತ್ತಿದ ಸೀಲಂಟಿನಿಂದ ಆಗಿದ್ದು ಇಷ್ಟೇ: ಇದ್ದ ಅಲ್ಪಸ್ವಲ್ಪ ಗಾಳಿಸಂದೂ ಮುಚ್ಚಿ ತೇವ ಹೆಚ್ಚಿತು.

ನಿರ್ಮಲ ಆಕಾಶದ ರಾತ್ರಿ ಲೋಹದ ಶೀಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಗಾಳಿ 25 ಡಿಗ್ರಿ, ತೇವಾಂಶ ಶೇ. 80 ಇದ್ದರೆ ಸುಮಾರು 21 ಡಿಗ್ರಿಗೆ ಇಳಿದ ಯಾವ ಮೇಲ್ಮೈ ಮೇಲೂ ಹನಿ ಕೂರುತ್ತದೆ. ನಾಲ್ಕೇ ಡಿಗ್ರಿಯ ಅಂತರ! ಸೋರಿಕೆಯೋ ಹನಿಗಟ್ಟುವುದೋ ಎಂದು ತಿಳಿಯಲು ಒಣ ರಾತ್ರಿಯ ನಂತರದ ಬೆಳಗು ನೋಡಿ, ಗಾಳಿಯ ತೇವಾಂಶ ಅಳೆಯುವ ಸಣ್ಣ ಮೀಟರ್ ಒಂದನ್ನು ಚಾವಣಿಯ ಹತ್ತಿರ ವಾರ ಕಾಲ ತೂಗುಹಾಕಿ. ಪರಿಹಾರವೂ ಪೇಂಟ್ ಡಬ್ಬಿಯಲ್ಲಿಲ್ಲ. ರಿಡ್ಜಿನಲ್ಲಿ (ಚಾವಣಿಯ ನೆತ್ತಿ) ಮತ್ತು ಗೋಡೆಯ ಮೇಲ್ಭಾಗದಲ್ಲಿ ಗಾಳಿಕಂಡಿ ತೆರೆಯಬೇಕು. ಇನ್ಸುಲೇಷನ್ ಹಾಕುವುದಾದರೆ ಹಬೆ ತಡೆಯುವ ಪದರ ಬೆಚ್ಚಗಿನ, ತೇವವಿರುವ ಬದಿಗೆ ಬರಬೇಕು. ಹರಿದ ಪದರದ ಹಿಂದೆ ಒದ್ದೆಯಾದ ಇನ್ಸುಲೇಷನ್ ಶೀಟಿಗೆ ಅಂಟಿಕೊಂಡು ಕೂತರೆ ಒದ್ದೆ ಕಂಬಳಿ ಹೊದಿಸಿದಂತೆ, ಅದನ್ನು ತೆಗೆಯದೆ ಬೇರೆ ಯಾವ ಚಿಕಿತ್ಸೆಯೂ ನಿಲ್ಲದು.

ನೀರು ಹರಿವ ಗೆರೆಯುದ್ದಕ್ಕೆ. ಏರ್ ಕಂಡೀಷನರಿನ ಪೈಪಿನ ತುದಿಯಿಂದ ಗಟರ್ ತನಕ ಅಂಗೈ ಅಗಲದ ಪಟ್ಟಿಯಲ್ಲಿ ಮಾತ್ರ ತುಕ್ಕು, ಎರಡು ಬದಿಯೂ ಹೊಸದರಂತೆ. ಇಲ್ಲಿ ತಪ್ಪಿತಸ್ಥ ತಾಮ್ರ. ತಾಮ್ರದ ಕಾಯಿಲು, ಪೈಪುಗಳ ಮೇಲೆ ಹರಿದ ನೀರು ಕಣ್ಣಿಗೆ ಕಾಣದಷ್ಟು ತಾಮ್ರವನ್ನು ಹೊತ್ತು ತರುತ್ತದೆ. ಅದು ಸತುವಿನ ಮೇಲೆ ಕೂತು, ಕೂತಲ್ಲೆಲ್ಲ ಸಣ್ಣ ಬ್ಯಾಟರಿಯಂತಾಗಿ ಸತುವನ್ನು ತಿನ್ನುತ್ತದೆ. ಮೈಲುತುತ್ತದ ಪರೀಕ್ಷೆಯನ್ನು ಚಾವಣಿಯ ಮೇಲೆ ಬೇಡವೆಂದದ್ದು ಇದಕ್ಕೇ. ಪ್ಲಾಸ್ಟಿಕ್ ಪೈಪಿನಲ್ಲಿ ಆ ನೀರನ್ನು ನೇರ ಕೆಳಗಿಳಿಸಿದರೆ ದೋಷದ ಬೇರೇ ಹೋಯಿತು. ಇದೇ ಜಾತಿಯ ಬೇರೆ ಶತ್ರುಗಳೂ ಇವೆ: ತಾಮ್ರದ ಲವಣ ಕುಡಿಸಿದ ಮರದ ಪಟ್ಟಿ, ಶೀಟಿನ ಮೇಲೆ ಹಾಸಿದ ಸೀಸದ ಹಾಳೆ, ಚಿಮಣಿ ಸುತ್ತ ಮೆತ್ತಿದ ಹಸಿ ಸಿಮೆಂಟ್ ಗಾರೆ. ಮಿಶ್ರ ಲೇಪನದ ಶೀಟಿನಲ್ಲಿರುವ ಅಲ್ಯೂಮಿನಿಯಂ ಗಾರೆಯ ಕ್ಷಾರಕ್ಕೆ ಬೇಗ ಸೋಲುತ್ತದೆ. ಆ ಶೀಟಿನ ಮೇಲೆ ಸಾಮಾನ್ಯ ಪೆನ್ಸಿಲಿನಿಂದ ಗುರುತು ಹಾಕುವುದೂ ಬೇಡ, ಗ್ರಾಫೈಟ್ ಇರುವ ಗೆರೆಯೇ ತೇವ ತಾಗಿದಾಗ ತುಕ್ಕಿನ ಗೆರೆಯಾಗಬಹುದು. ಮಾರ್ಕರ್ ಪೆನ್ ಬಳಸಿ.

ಸೂರಿನ ಅಡಿ, ಫಲಕಗಳ ನೆರಳು. ಮಳೆ ಚೆನ್ನಾಗಿ ಬೀಳುವ ಕಡೆ ತುಕ್ಕಿಲ್ಲ, ಮಳೆಯೇ ತಾಗದ ಸೂರಿನ ಅಡಿ ತುಕ್ಕು ಹಿಡಿದಿದೆ, ಇದು ಹೇಗೆ ಎಂದು ಕೇಳುವವರಿದ್ದಾರೆ. ಕಡಲಿನ ಹತ್ತಿರ, ರಾಸಾಯನಿಕ ಕೈಗಾರಿಕೆಗಳ ಪಕ್ಕ, ಗಾಳಿಯಲ್ಲಿ ಬಂದ ಉಪ್ಪು ಮತ್ತು ಧೂಳು ಎಲ್ಲ ಕಡೆ ಕೂರುತ್ತದೆ. ಮಳೆ ಮೇಲಿನದನ್ನು ತೊಳೆಯುತ್ತದೆ, ಸೂರಿನ ಅಡಿಯದು ಉಳಿಯುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿ ಶೀಟನ್ನು ಸದಾ ಒದ್ದೆ ಇಡುತ್ತದೆ. ಸೋಲಾರ್ ಫಲಕ ಹಾಕಿದ ಮೇಲೆ ಅವುಗಳ ಅಡಿಯಲ್ಲೂ ಹೀಗೆಯೇ. ಮದ್ದು ತುಂಬ ಸರಳ: ಮಳೆ ತೊಳೆಯದ ಜಾಗವನ್ನು ನೀವು ಸಿಹಿನೀರಿನಲ್ಲಿ ತೊಳೆಯಬೇಕು. ವರ್ಷಕ್ಕೆ ಎರಡು ಸಲ, ಕಡಲ ಬದಿಯಲ್ಲಿ ಇನ್ನೂ ಹೆಚ್ಚು.

ಗಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲೆ, ಹೂಳು ಕೂತರೆ ಅದರ ತಳ ವರ್ಷವಿಡೀ ಒದ್ದೆ. ಬಕೆಟ್ ನೀರು ಸುರಿದು, ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಇಳಿಜಾರು ಸರಿಪಡಿಸಿ.

ಎಷ್ಟು ಉಳಿದಿದೆ?

ಚದರ ಮೀಟರಿಗೆ ಎರಡೂ ಬದಿ ಸೇರಿ 275 ಗ್ರಾಂ ಸತು ಇರುವ ಶೀಟಿನಲ್ಲಿ ಒಂದು ಬದಿಗೆ ಬರುವುದು ಸುಮಾರು 20 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಐಎಸ್‌ಒ 9223 ಎಂಬ ಮಾನದಂಡ, ತುಕ್ಕು ಹಿಡಿಸುವ ತೀವ್ರತೆ ಏರುವ ಕ್ರಮದಲ್ಲಿ, ವಾತಾವರಣವನ್ನು ಸಿ1ರಿಂದ ಸಿ5 ಮತ್ತು ಅದರಾಚೆಯ ಸಿಎಕ್ಸ್ ಎಂದು ವಿಂಗಡಿಸುತ್ತದೆ. ಮಧ್ಯಮ ವರ್ಗವಾದ ಸಿ3ರಲ್ಲಿ ಸತು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ, ಸಿ5ರಲ್ಲಿ 4.2ರಿಂದ 8.4. ಲೆಕ್ಕ ಹಾಕಿ: ಅದೇ ಶೀಟಿನ ಸತು ಒಂದು ಕಡೆ ಸುಮಾರು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಬಾಳುತ್ತದೆ, ಇನ್ನೊಂದು ಕಡೆ ಐದು ವರ್ಷದೊಳಗೆ ಮುಗಿಯುತ್ತದೆ. "ಪಕ್ಕದ ಊರಿನ ಶೆಡ್ಡಿಗೆ ಇದೇ ಶೀಟು ಹಾಕಿದ್ದಾರೆ, ಏನೂ ಆಗಿಲ್ಲ" ಎಂಬ ಮಾತಿಗೆ ಅರ್ಥವಿಲ್ಲದಿರುವುದು ಇದಕ್ಕೇ. ಸತು ಹೋದ ಮೇಲೆ ಬರಿ ಉಕ್ಕು ಸಿ3ರಲ್ಲಿ ಮೊದಲ ವರ್ಷವೇ 25ರಿಂದ 50 ಮೈಕ್ರಾನ್ ಕಳೆದುಕೊಳ್ಳುತ್ತದೆ, ಗುಳಿ ಬಿದ್ದ ಕಡೆ ಅದಕ್ಕಿಂತ ವೇಗ. ಅರ್ಧ ಮಿಲಿಮೀಟರಿನ ಶೀಟಿಗೆ ಇದು ಸಣ್ಣ ನಷ್ಟವಲ್ಲ.

ಉಳಿದ ಗಟ್ಟಿತನ ನೋಡಲು ಹಕ್ಕಳೆ ಕೆರೆದು ದಬ್ಬಳದಿಂದ ಒತ್ತಿ. ಟಣ್ ಎಂದು ತಡೆದರೆ ಚಿಕಿತ್ಸೆಗೆ ಯೋಗ್ಯ. ಮೆತ್ತಗೆ ಒಳಗಿಳಿದರೆ ಆ ಶೀಟಿಗೆ ಪೇಂಟ್ ದಂಡ. ದೊಡ್ಡ ಚಾವಣಿಯಾದರೆ ಅಲ್ಟ್ರಾಸೋನಿಕ್ ದಪ್ಪಮಾಪಕ ತರಿಸಿ ಅಳೆಸುವುದು ಒಳ್ಳೆಯದು.

ಚಿಕಿತ್ಸೆ

ಮೊದಲು ತೊಳೆಯಿರಿ, ಆಮೇಲೆ ಉಜ್ಜಿ. ಈ ಕ್ರಮ ತಿರುವುಮುರುವಾದರೆ ಉಪ್ಪು ಮತ್ತು ಜಿಡ್ಡನ್ನು ನೀವೇ ಲೋಹದೊಳಗೆ ತಿಕ್ಕಿ ಕೂರಿಸಿದಂತೆ. ಪ್ರೆಷರ್ ವಾಷರ್ ಬಳಸುವುದಾದರೆ ನೀರಿನ ಧಾರೆ ಮೇಲಿನಿಂದ ಇಳಿಜಾರಿನ ದಿಕ್ಕಿಗೇ ಇರಲಿ, ಸಂದಿಗಳ ಬಾಯಿಗೆ ಹಿಡಿಯಬೇಡಿ. ಒಣಗಿದ ಮೇಲೆ ನೀರು ಚಿಮುಕಿಸಿ ನೋಡಿ. ಹನಿ ಗುಂಡಗಾಗಿ ಉರುಳಿದರೆ ಜಿಡ್ಡು ಇನ್ನೂ ಇದೆ.

ತುಕ್ಕಿನ ಜಾಗವನ್ನು ಸಾಧ್ಯವಾದರೆ ಯಂತ್ರದ ಬ್ರಷ್ಷಿನಿಂದ ಲೋಹದ ಹೊಳಪು ಬರುವ ತನಕ ತನ್ನಿ. ಮೇಲ್ಮೈ ಶುಚಿ ಮಾಡುವುದಕ್ಕಿರುವ ಮಾನದಂಡದ ಭಾಷೆಯಲ್ಲಿ ಈ ಮಟ್ಟ ಎಸ್‌ಟಿ3. ಕೈಬ್ರಷ್ಷಿನಲ್ಲಿ ಎಸ್‌ಟಿ2ರ ತನಕ ಬರಬಹುದು. ಸುತ್ತಲಿನ ಗಟ್ಟಿ ಬಣ್ಣದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಮೆಟ್ಟಿಲು ಇಲ್ಲದಂತೆ ಇಳಿಜಾರು ಮಾಡಿ. ಬೆರಳು ಆಡಿಸಿದಾಗ ಅಂಚು ತಾಗಬಾರದು. ತೆಳು ಶೀಟಿಗೆ ಜೋರಿನ ಮರಳು ಬ್ಲಾಸ್ಟಿಂಗ್ ಮಾಡಿಸಬೇಡಿ, ಶೀಟೇ ಸೊಟ್ಟಗಾಗುತ್ತದೆ.

ಇನ್ನು ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ಅಡಿಲೇಪ. ಇಲ್ಲಿ ನನ್ನ ಬಲವಾದ ಅಭಿಪ್ರಾಯವೊಂದಿದೆ. ಕೆಂಪನೆಯ ರೆಡ್ ಆಕ್ಸೈಡ್ ಪ್ರೈಮರನ್ನು ಎಲ್ಲಕ್ಕೂ ಬಳಿಯುವ ಅಭ್ಯಾಸ ಬಿಡಬೇಕು. ಅದರಂಥ ಎಣ್ಣೆ ಅಥವಾ ಅಲ್ಕಿಡ್ (ಎಣ್ಣೆ ಬೆರೆತ ರಾಳ) ಮೂಲದ ಪ್ರೈಮರ್ ಸತುವಿನ ಮೇಲೆ ಬಿದ್ದಾಗ ಅದರ ಜೊತೆ ಸೇರಿ ಅಡಿಯಲ್ಲಿ ಸಾಬೂನಿನಂಥ ಪದರ ಕಟ್ಟುತ್ತದೆ. ಆಮೇಲೆ ಬಣ್ಣ ಬಾಳೆಸಿಪ್ಪೆಯಂತೆ ಸುಲಿದು ಬರುತ್ತದೆ. ಬರಿ ಉಕ್ಕಿನ ಆಂಗಲ್, ಟ್ರಸ್ಸಿಗೆ ಸರಿಹೋಗುವುದು ಸತುವಿನ ಶೀಟಿಗೆ ಸರಿಹೋಗದು. ಶೀಟಿನಲ್ಲಿ ಸತು ಉಳಿದ ಜಾಗಕ್ಕೆ ಆ ಲೋಹಕ್ಕೆಂದೇ ಮಾಡಿದ ಎಚಿಂಗ್ ಪ್ರೈಮರ್ (ಲೋಹದ ಮೈಯನ್ನು ತುಸು ಕೊರೆದು ಹಿಡಿದುಕೊಳ್ಳುವಂಥದ್ದು), ಎಪಾಕ್ಸಿ ಅಥವಾ ಅಕ್ರಿಲಿಕ್ ಪ್ರೈಮರ್ ಬೇಕು.

ಸತು ಪೂರ್ತಿ ಹೋಗಿ ಲೋಹ ಹೊಳೆಯುವಂತೆ ಶುಚಿಯಾದ ಚಿಕ್ಕ ಜಾಗಗಳಿಗೆ ಸತು ಹೆಚ್ಚಿರುವ ಜಿಂಕ್ ರಿಚ್ ಪ್ರೈಮರ್ ಉತ್ತಮ. ಅದು ಕೆಲಸ ಮಾಡುವುದು ಸತುವಿನ ಕಣಗಳು ಉಕ್ಕಿಗೆ ನೇರ ತಾಗಿದ್ದರೆ ಮಾತ್ರ. ತುಕ್ಕಿನ ಮೇಲೆ ಬಳಿದರೆ ಬೂದು ಬಣ್ಣ ಬಳಿದಂತೆ ಅಷ್ಟೇ. ಗುಳಿಗಳೊಳಗಿನ ತುಕ್ಕು ಎಷ್ಟು ಉಜ್ಜಿದರೂ ಬರದಿದ್ದರೆ ಟ್ಯಾನಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಾಕಬಹುದು, ಅದು ತುಕ್ಕನ್ನು ನೀಲಿಗಪ್ಪು ಗಟ್ಟಿ ಪದರವಾಗಿಸುತ್ತದೆ. ಆದರೆ ಕನ್ವರ್ಟರ್ ಮೇಲೆ ಜಿಂಕ್ ರಿಚ್ ಹಾಕಬೇಡಿ, ಎರಡರ ಉದ್ದೇಶವೂ ಕೆಡುತ್ತದೆ. ಅಲ್ಲಿ ಅರೆಶುಚಿ ಮೇಲ್ಮೈಯನ್ನೂ ಸಹಿಸುವ ಎಪಾಕ್ಸಿ ಮಾಸ್ಟಿಕ್ (ದಪ್ಪನೆಯ ಎಪಾಕ್ಸಿ ಲೇಪ) ಸರಿ. ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಹುಡಿಯಾಗುತ್ತದೆ, ಆದ್ದರಿಂದ ಮೇಲೆ ಪಾಲಿಯುರೆಥೇನ್ ಅಥವಾ ಅಕ್ರಿಲಿಕ್ ಟಾಪ್ ಕೋಟ್ ಬೇಕೇ ಬೇಕು.

ಹೊತ್ತು ನೋಡಿ ಬಳಿಯಿರಿ. ಶೀಟಿನ ಕಾವು ಇಬ್ಬನಿ ಬಿಂದುವಿಗಿಂತ (ಹನಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇ. 85ಕ್ಕಿಂತ ಕೆಳಗಿರಬೇಕು. ನಡುಹಗಲಿನಲ್ಲಿ ಶೀಟು 60 ಡಿಗ್ರಿ ದಾಟಬಹುದು. ಆಗ ಬಳಿದ ಬಣ್ಣ ಹರಡುವ ಮೊದಲೇ ಒಣಗಿ ಸೂಜಿಮೊನೆ ತೂತುಗಳಾಗುತ್ತವೆ. ಇಬ್ಬನಿ ಆರಿದ ಬೆಳಗಿನ ಹೊತ್ತು ಒಳ್ಳೆಯದು. ಇಡೀ ಚಾವಣಿಗೆ ಕೈ ಹಾಕುವ ಮುಂಚೆ ಒಂದು ಮೂಲೆಯಲ್ಲಿ ಬಳಿದು, ಪೂರ್ತಿ ಒಣಗಿದ ಮೇಲೆ ಬ್ಲೇಡಿನಿಂದ ಗುಣಾಕಾರ ಚಿಹ್ನೆಯಂತೆ ಗೀರಿ, ಟೇಪ್ ಅಂಟಿಸಿ ಎಳೆಯಿರಿ. ಬಣ್ಣ ಟೇಪಿನ ಜೊತೆ ಬಂದರೆ ತಪ್ಪು ಎಲ್ಲಿದೆ ಎಂದು ಹುಡುಕಲು ಇನ್ನೂ ಸಮಯವಿದೆ.

ತುಕ್ಕಿನ ಮೇಲೆಯೇ ಡಾಂಬರು ಬಳಿಯುವುದನ್ನು ನಾನು ಒಪ್ಪುವುದಿಲ್ಲ. ಅದು ತೇವವನ್ನು ಅಡಿಯಲ್ಲಿ ಕೂಡಿಹಾಕುತ್ತದೆ. ಬಿಸಿಲಿಗೆ ಹಳತಾದ ಡಾಂಬರಿನಿಂದ ಇಳಿಯುವ ನೀರು ಆಮ್ಲೀಯವಾಗಿ ಕೆಳಗಿನ ಸತುವನ್ನೂ ತಿನ್ನುತ್ತದೆ.

ಶೀಟು ಬದಲಿಸಲೇಬೇಕಾದಾಗ

ದಬ್ಬಳ ಇಳಿದ ಶೀಟು, ಪರ್ಲಿನ್ ಸಾಲಿನಲ್ಲೇ ತೂತಾದ ಶೀಟು, ಸ್ಕ್ರೂ ಕಚ್ಚದಷ್ಟು ತೆಳುವಾದ ಶೀಟು, ಇವನ್ನು ಬದಲಿಸಿ. ಗಾಳಿಗೆ ಹಾರಿಹೋಗುವುದು ಇಂಥವೇ. ಬಿಚ್ಚಿದಾಗ ಅಡಿಯ ಪರ್ಲಿನ್ನಿನ ಮೇಲ್ಮೈ ನೋಡುವ ಅವಕಾಶ ಆ ಒಂದೇ ಸಲ ಸಿಗುತ್ತದೆ, ಬಿಡಬೇಡಿ. ಹಳೆಯ ಶೀಟಿನ ಮೇಲೆಯೇ ಹೊಸ ಶೀಟು ಹೊದಿಸುವ ಆಲೋಚನೆ ಇದ್ದರೆ ಮೊದಲು ಕಟ್ಟಡದ ಎಂಜಿನಿಯರಿಂದ ಭಾರದ ಲೆಕ್ಕ ಮಾಡಿಸಿ, ಎರಡರ ನಡುವೆ ಅಂತರ ಮತ್ತು ಗಾಳಿಯಾಟ ಇಡಿ. ಒದ್ದೆ ಹಳೆಯ ಶೀಟಿಗೆ ಹೊಸದು ಅಂಟಿಕೊಂಡು ಕೂತರೆ ತುಕ್ಕು ಹೊಸದಕ್ಕೂ ದಾಟುತ್ತದೆ. ಖಾತರಿ ಅವಧಿಯೊಳಗಿನ ಶೀಟಾದರೆ ಏನಾದರೂ ಬಳಿಯುವ ಮುಂಚೆ ಖಾತರಿ ಪತ್ರ ಓದಿ, ಚಿತ್ರ ತೆಗೆದಿಡಿ.

ದುರಸ್ತಿ ಆದ ಮೇಲೆ

ಪ್ರತಿ ದುರಸ್ತಿಯ ಜಾಗಕ್ಕೂ ಒಂದು ಸಂಖ್ಯೆ ಕೊಟ್ಟು, ಮುಂಚಿನ ಮತ್ತು ನಂತರದ ಚಿತ್ರ ತೆಗೆದು, ಯಾವ ಪ್ರೈಮರ್, ಯಾವ ದಿನ ಎಂದು ಬರೆದಿಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ, ಬಿರುಗಾಳಿ ಬಂದು ಹೋದ ಮೇಲೆ ಒಮ್ಮೆ ಹತ್ತಿ ಅದೇ ಜಾಗಗಳನ್ನು ನೋಡಿ. ಚಾವಣಿಯ ಮೇಲೆ ಬೇರೆ ಕೆಲಸಕ್ಕೆ, ಕೇಬಲ್ಲಿಗೋ ಏಸಿಗೋ, ಯಾರಾದರೂ ಹತ್ತಿ ಇಳಿದ ದಿನವೇ ನೋಡುವುದು ಇನ್ನೂ ಒಳ್ಳೆಯದು. ಬಿಟ್ಟುಹೋದ ಸ್ಕ್ರೂ, ತಂತಿ ತುಂಡುಗಳನ್ನು ಅಂದೇ ಆರಿಸಬಹುದು.

ತುಕ್ಕು ಮತ್ತೆ ಕಂಡರೆ ಅದರ ಜಾಗವನ್ನು ಇನ್ನೊಮ್ಮೆ ಓದಿ. ತೇಪೆಯ ನಡುವೆಯೇ ಎದ್ದರೆ ಶುಚಿ ಮಾಡಿದ್ದು ಸಾಲದು, ಗುಳಿಯಲ್ಲಿ ಉಪ್ಪು ಉಳಿದಿದೆ. ತೇಪೆಯ ಅಂಚಿನಲ್ಲಿ ಸುತ್ತಲೂ ಎದ್ದರೆ ಹಳೆಯ ಬಣ್ಣದ ಅಂಚನ್ನು ಸರಿಯಾಗಿ ಇಳಿಜಾರು ಮಾಡಿಲ್ಲ, ಅಥವಾ ತೇಪೆ ಗಟ್ಟಿ ಬಣ್ಣದ ಮೇಲೆ ಸಾಕಷ್ಟು ಹರಡಿಲ್ಲ. ತೇಪೆ ಚೆನ್ನಾಗಿದ್ದು ಒಂದಡಿ ಕೆಳಗೆ ಹೊಸದಾಗಿ ಕೆಂಪು ಮೂಡಿದ್ದರೆ ಕೆಲಸಗಾರರ ತಪ್ಪಿಲ್ಲ. ಮೇಲೆಲ್ಲಿಂದಲೋ ಆ ನೀರು ಇನ್ನೂ ಹರಿದು ಬರುತ್ತಿದೆ. ಕುಂಚ ಕೆಳಗಿಟ್ಟು ಆ ಗೆರೆ ಹಿಡಿದು ಮೇಲಕ್ಕೆ ನಡೆಯಿರಿ.